ಮೂಡಗಾಳಿಯನ್ನು ನಂಬಿದ ವಾರ

ಮುಂಡಗೋಡದಿಂದ ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ಗಾಳಿಯ ಪಾಠಕ್ಕೆಂದು ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಬಾಣವೊಂದನ್ನು ಮಾಡಿಸಿ, ಹಳೆಯ ಸೈಕಲ್ ಬೇರಿಂಗಿನ ಮೇಲೆ ಕೂರಿಸಿ ಶಾಲೆಯ ಮಾಳಿಗೆಗೆ ಏರಿಸಿದೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಅದರ ಮೂತಿ ಆ ಕಡೆಗೆ ತಿರುಗುತ್ತಿತ್ತು. ಆ ದಿಕ್ಕನ್ನು ದಿನಾ ಬೆಳಿಗ್ಗೆ ಕ್ಲಾಸಿನ ಹಲಗೆಯ ಮೇಲೆ ಬರೆಯುತ್ತಿದ್ದೆ.

ಆ ಮಳೆಗಾಲದಲ್ಲಿ ಬಾಣ ಪಡುವಣಕ್ಕೆ ನಿಂತಾಗಲೆಲ್ಲ ಮಳೆ ಬಂತು, ಬೇರೆ ಕಡೆ ತಿರುಗಿದಾಗ ಬಿಸಿಲು ಬಿತ್ತು. ದಸರೆಯ ಹೊತ್ತಿಗೆ ದೊಡ್ಡವರೂ ಮಳೆ ಬರುತ್ತದೋ ಇಲ್ಲವೋ ಎಂದು ನನ್ನನ್ನು ಕೇಳತೊಡಗಿದ್ದರು. ಒಳಗೊಳಗೇ ನನಗೆ ಹೆಮ್ಮೆ.

ಶಾಲೆಯ ಎದುರಿಗೇ ಒಬ್ಬ ಅಕ್ಕನ ಮನೆ. ಆಕೆಯ ಗಂಡ ಟ್ರ್ಯಾಕ್ಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಗೋವಿನಜೋಳ ಮುರಿದು, ಮಷೀನಿಗೆ ಹಾಕಿಸಿ ಕಾಳು ಬಿಡಿಸಿ, ಮನೆಯ ಮುಂದೆ ರಾಶಿ ಮಾಡಿದ್ದು ಆಕೆಯೊಬ್ಬಳೇ.

"ಸರ, ನಿಮ್ಮ ಬಾಣ ಏನಂತೈತ್ರಿ? ಕಾಳು ಹರವ್ಲೇನು?" ಎಂದು ಒಂದು ಬೆಳಿಗ್ಗೆ ಕೇಳಿದಳು.

"ಮೂಡಗಾಳಿ ಬಿಟ್ಟೈತಿ ಅಕ್ಕಾ. ಇನ್ನ ಮಳಿ ಹೋತು. ಧೈರ್ಯಲೆ ಹರವ್ರಿ."

"ಫೋನಿನ್ಯಾಗ ಮಳಿ ಅಂತ ತೋರಸಾಕತ್ತೈತ್ರಿ."

"ಫೋನಿಗೇನ್ ಗೊತ್ತು ನಮ್ಮೂರ ಗಾಳಿ?" ಎಂದು ನಕ್ಕುಬಿಟ್ಟೆ.

ಎರಡು ದಿನ ಒಳ್ಳೆಯ ಬಿಸಿಲು. ಮೂರನೆಯ ಮಧ್ಯಾಹ್ನ ಏಳನೇ ಕ್ಲಾಸಿನಲ್ಲಿ ನಿಂತಿದ್ದಾಗ ಹಲಗೆಯ ಮೇಲಿನ ಅಕ್ಷರ ಕಾಣದಷ್ಟು ಕತ್ತಲಾಯಿತು. ಓಡಿ ಹೊರಗೆ ಬಂದು ಮೇಲೆ ನೋಡಿದೆ. ಬಾಣ ಅಲುಗದೆ ಮೂಡಣವನ್ನೇ ತೋರಿಸುತ್ತಿತ್ತು. ಮೋಡ ಬಂದದ್ದೂ ಅಲ್ಲಿಂದಲೇ.

ನಾನು ರಸ್ತೆ ದಾಟುವಷ್ಟರಲ್ಲಿ ಹನಿ ಶುರುವಾಗಿತ್ತು. ಅಕ್ಕ ಕಾಳಿನ ಮೇಲೆ ಹೊದಿಸಲು ತಾಡಪತ್ರಿ ಎಳೆಯುತ್ತಿದ್ದಳು. ಆಕೆ ಒಂದು ತುದಿ ಹಿಡಿದಳು, ನಾನು ಒಂದು ತುದಿ ಹಿಡಿದೆ. ಉಳಿದೆರಡು ತುದಿಗಳನ್ನು ಹಿಡಿಯಲು ಯಾರೂ ಇರಲಿಲ್ಲ. ಗಾಳಿ ಹೊಕ್ಕು ತಾಡಪತ್ರಿ ಹೊಟ್ಟೆ ಉಬ್ಬಿಸಿಕೊಂಡು ನಮ್ಮ ಕೈಯಿಂದ ಕಿತ್ತು ಹೋಯಿತು. ಕಟ್ಟೆಯ ಮೇಲಿಂದ ಆಕೆಯ ಗಂಡ "ಕಲ್ಲ ಹೇರ್ರಿ! ಆ ಕಡಿ ಕಲ್ಲ ಹೇರ್ರಿ!" ಎಂದು ಕೂಗಿದರು. ಏಳಲು ಹೋಗಿ ಆಗದೆ, ಕೂತಲ್ಲೇ ತೊಡೆ ತೊಡೆ ಬಡಿದುಕೊಂಡರು. ಆಮೇಲೆ ಕೂಗುವುದನ್ನೂ ಬಿಟ್ಟರು. ಹಳದಿ ಕಾಳು ನೀರಿನೊಡನೆ ಗಟಾರಕ್ಕೆ ಹರಿಯಿತು. ಬೊಗಸೆಯಲ್ಲಿ ತಡೆಯಲು ನೋಡಿದೆ. ಬೆರಳ ಸಂದಿಯಿಂದ ಜಾರಿತು.

"ಬಿಡ್ರಿ ಸರ, ತೊಯ್ಸಿಕೊಂಡು ಜಡ್ಡ ಬಿದ್ದೀರಿ" ಎಂದಳು ಅಕ್ಕ. ಬೈದಿದ್ದರೇ ಚೆನ್ನಾಗಿತ್ತು.

ನಾಲ್ಕೇ ದಿನಕ್ಕೆ ರಾಶಿಯ ಅಡಿಯ ಕಾಳು ಮೊಳಕೆಯೊಡೆಯಿತು. ಅದನ್ನು ಎಮ್ಮೆಗೆ ಹಾಕಿದರು. ನಾನು ಹಲಗೆಯ ಮೇಲೆ ಗಾಳಿಯ ದಿಕ್ಕು ಬರೆಯುವುದನ್ನು ನಿಲ್ಲಿಸಿದೆ.

ಮರುವಾರ ಅಕ್ಕ ಶಾಲೆಯ ಗೇಟಿಗೆ ಬಂದಳು. "ಸರ, ಉಳದದ್ದರ ಇವತ್ತ ಹರವ್ಲೇನ್ರಿ?"

"ನನಗ ಗೊತ್ತಿಲ್ಲ ಅಕ್ಕಾ."

"ಗೊತ್ತಿಲ್ಲಂದ್ರ ಹೆಂಗ್ರಿ? ಸಾಲಿ ಮಾಸ್ತರು ನೀವು."

ನಾನು ಬಾಣದ ಕಡೆ ನೋಡದೆ ಕ್ಲಾಸಿಗೆ ಹೊರಟೆ. ಆಕೆ ಹೋಗಿ ಕಾಳು ಹರವಿ, ತಾಡಪತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ನಾನು ಪಾಠ ಬಿಟ್ಟು ಕಿಟಕಿಯಲ್ಲಿ ನಿಂತೆ. ಆ ದಿನ ಮಳೆ ಬರಲಿಲ್ಲ.