ಜೋಕುಮಾರನ ಏಳನೆಯ ಊರು

ಸತ್ತೆವ್ವ ದಾಂಡೇಲಿಯನ್ನು ಎಂದೂ ಊರು ಅಂದವಳಲ್ಲ. ಗಂಡ ಲಗಮಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುವ ಕೆಲಸ ಸಿಕ್ಕಿತ್ತು. ಧಾರವಾಡದ ಕಡೆಯಿಂದ ಬಂದು, ಕೆಲಸಗಾರರ ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಹೂಡಿ, ಅಲ್ಲೇ ಮಗಳನ್ನು ಹೆತ್ತರೂ ಅವಳ ಬಾಯಲ್ಲಿ ಅದು ಬರೀ ಮಿಲ್ಲು. ಊರೆಂದಮೇಲೆ ಎರೆಹೊಲ ಇರಬೇಕು, ಅಗಸಿಬಾಗಿಲು ಇರಬೇಕು. ಈ ವಿಷಯದಲ್ಲಿ ಮಹಾ ಹಟಮಾರಿ.

ಆ ಬೇಸಿಗೆಯಲ್ಲಿ ಅತ್ತೆ ಕಾಶೆವ್ವ ತೀರಿಕೊಂಡಳು. ಜೋಕುಮಾರನನ್ನು ಹೊರುವ ಅಂಬಿಗರ ಮನೆತನ ಅವರದು. ಭಾದ್ರಪದದಲ್ಲಿ ಗಣಪ್ಪನ ಹಿಂದೆಯೇ ಹುಟ್ಟುವ ಜೋಕುಮಾರ ಹುಣ್ಣಿಮೆಗೆ ಸಾಯುತ್ತಾನೆ. ಗಣಪ್ಪ ಕಡುಬು ತಿಂದು ಹೋಗಿ, ಭೂಲೋಕದಲ್ಲಿ ಎಲ್ಲ ಸುಖವೆಂದು ಶಿವನಿಗೆ ಹೇಳಿದರೆ, ಈ ಪುಣ್ಯಾತ್ಮ ಜನರ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಹೇಳಿ ಮಳೆ ಕಳಿಸುತ್ತಾನೆ. ಸಾಯುವ ಮೊದಲು ಅವನನ್ನು ಬುಟ್ಟಿಯಲ್ಲಿ ಹೊತ್ತು ಏಳೂರು ತಿರುಗಿಸಬೇಕು. "ಬುಟ್ಟಿ ಇನ್ನ ನಿನ್ನ ತಲಿ ಮ್ಯಾಲ ಐತಿ, ನೆಲಕ್ಕ ಇಳಸಬ್ಯಾಡವ್ವಾ," ಎಂದೇ ಕಾಶೆವ್ವ ಕಣ್ಣು ಮುಚ್ಚಿದ್ದು.

ಸತ್ತೆವ್ವ ಮಣ್ಣಿನ ಜೋಕುಮಾರನನ್ನು ಮಾಡಿ, ಬಾಯಿಗೆ ಬೆಣ್ಣೆ ಮೆತ್ತಿ, ಬುಟ್ಟಿಗೆ ಬೇವಿನ ಸೊಪ್ಪು ತುಂಬಿದಳು. ಆದರೆ ಹೋಗುವುದೆಲ್ಲಿಗೆ? ಎಳೆಗೂಸನ್ನು ಕಟ್ಟಿಕೊಂಡು ಊರಿಗೆ ಹೋಗುವಂತಿಲ್ಲ. ಸುತ್ತ ಅಡವಿ. ಆಚೆಯ ಹಳ್ಳಿಗಳ ಕೊಂಕಣಿ ಮಂದಿಗೆ ಈತ ಯಾರೋ ಏನೋ. ಅತ್ತೆಯ ಮಾತು ತನ್ನಿಂದಲೇ ಮಣ್ಣುಪಾಲಾಯಿತೆಂದು ಹೊಸ್ತಿಲ ಬಳಿ ಕೂತು ಅತ್ತಳು.

ಅಳು ಕೇಳಿ ಪಕ್ಕದ ಮನೆಯ ಸುಶೀಲವ್ವ ಮೊರದಲ್ಲಿ ಜೋಳ ಹಿಡಿದು ಬಂದಳು. ಜೋಳ ನೀಡಿದವರಿಗೆ ಬೇವು ಬೆರೆಸಿದ ನುಚ್ಚಿನ ಚರಗ ಕೊಡುವುದು ಪದ್ಧತಿ; ಹೊಲಕ್ಕೆ ಚೆಲ್ಲಿದರೆ ಬೆಳೆ ಹುಲುಸು.

"ಇಲ್ಲಿ ಹೊಲ ಎಲ್ಲೈತಿ ಅಕ್ಕಾ? ಒಣಗಿಸಿ ಇಟ್ಕೊಂಡು, ದೀಪಾವಳಿಗೆ ನಮ್ಮೂರು ಮೊರಬಕ್ಕ ಒಯ್ದು ಹೊಲಕ್ಕ ಚೆಲ್ತೇನಿ," ಎಂದಳು ಸುಶೀಲವ್ವ.

ಸತ್ತೆವ್ವ ಕಣ್ಣೊರೆಸಿಕೊಂಡಳು. "ಹಂಗಾರ ಜೋಕಪ್ಪ ಮೊರಬಕ್ಕ ಹೋದಂಗಾತು."

ಬುಟ್ಟಿ ತಲೆಗೇರಿತು. ಒಂದೊಂದು ಬಾಗಿಲಲ್ಲೂ "ಯಾವೂರವ್ವಾ ನಿಂದು?" ಎಂದು ಕೇಳುತ್ತ ನಡೆದಳು. ಮುಂದಿನ ಬಾಗಿಲು ಹೆಬಸೂರು, ಅದರಾಚೆ ಮುರಗೋಡ. ಹಾಡುತ್ತ ಹಾಡುತ್ತ ಯರಗಟ್ಟಿಯನ್ನೂ ಪಾಳಾವನ್ನೂ ದಾಟಿದಳು. ತುದಿಯ ಮನೆ ತೇರಗಾಂವದ ಈರಕ್ಕನದು. ಅಲ್ಲಿಗೆ ಆರು ಊರಾದವು, ಚಾಳೂ ಮುಗಿಯಿತು, ಏಳನೆಯದು ಉಳಿಯಿತು. ಹೊತ್ತವಳ ಊರು ಲೆಕ್ಕಕ್ಕಿಲ್ಲ, ಜೋಕಪ್ಪ ಹೊರಡುವುದೇ ಅಲ್ಲಿಂದ.

"ನಿನ್ನ ಮಗಳ ಊರು ಯಾವುದ?" ಈರಕ್ಕ ಕೇಳಿದಳು.

"ನಮ್ಮೂರ ಅಕಿದೂ."

"ಆ ಊರ ಅಕಿ ಕಂಡಾಳೇನು? ಹೊಕ್ಕಳಬಳ್ಳಿ ಎಲ್ಲಿ ಹುಗದೀ ಹೇಳು."

ಸತ್ತೆವ್ವ ತಿರುಗಿ ತನ್ನ ಬಾಗಿಲಿಗೇ ಬಂದು ನಿಂತಳು. ಲಗಮಪ್ಪ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಮೊರವನ್ನೂ ಹಿಡಿದು ಹೊರಬಂದ. ಹೆಂಗಸರ ಕೆಲಸಕ್ಕೆ ಕೈಹಾಕಿದ ಗಂಡಸನ್ನು ಕಂಡು ಚಾಳಿಗೆ ಚಾಳೇ ಸೆರಗು ಬಾಯಿಗಿಟ್ಟು ನಕ್ಕಿತು. ಅವನಿಗೆ ಅದರ ಪರಿವೆಯೇ ಇಲ್ಲ. ಮಗಳ ಪುಟ್ಟ ಬೆರಳು ಹಿಡಿದು ಜೋಕಪ್ಪನ ಬಾಯಿಗೆ ಬೆಣ್ಣೆ ಹಚ್ಚಿಸಿದ.

"ಯಾವೂರವ್ವಾ ನಿಂದು?" ಉಳಿದವರನ್ನು ಕೇಳಿದಂತೆಯೇ ಸತ್ತೆವ್ವ ಮಗಳನ್ನೂ ಕೇಳಿದಳು. ಮಾತು ಬಾರದ ಕೂಸು ಹೇಳೀತು ಹೇಗೆ? ಕಡೆಗೆ ತಾನೇ ಹೇಳಬೇಕಾಯಿತು.

"ನಮ್ಮ ಕೂಸಿನ ಊರು ದಾಂಡೇಲಿ."

ಈ ಊರಿನ ಚರಗವನ್ನು ಅವಳು ದೀಪಾವಳಿಗೆಂದು ಒಣಗಿಸಿಡಲಿಲ್ಲ. ಹಿತ್ತಲಿಗೆ ಹೋಗಿ, ಹೊಕ್ಕಳಬಳ್ಳಿ ಹುಗಿದ ಜಾಗದಲ್ಲಿ ಹಬ್ಬಿದ್ದ ಅವರೆಬಳ್ಳಿಯ ಬುಡಕ್ಕೆ ಚೆಲ್ಲಿದಳು.