ತಳಕ್ಕೆ ಇಳಿಯದ ಸೌಟು

ಸೋಮವಾರ ಬೆಳಿಗ್ಗೆ ಒಂದು ನಕ್ಷತ್ರ ಹಾರಿ ಬಂದು ನನ್ನ ಕನ್ನಡಕಕ್ಕೆ ಬಡಿಯಿತು. (ಗಾಬರಿಯಾಗಬೇಡಿ, ಬೇಯಿಸಿದ ಕ್ಯಾರೆಟ್ಟಿನ ನಕ್ಷತ್ರ.) ಎಸೆದವನು ನನ್ನ ಮೊಮ್ಮಗ ಪುಟ್ಟು. ಮುಂದಿನ ತಿಂಗಳಿಗೆ ಮೂರು ತುಂಬುತ್ತದೆ. ಗುರಿ ಮಾತ್ರ ಈಗಲೇ ಚೆನ್ನಾಗಿದೆ.

ಕ್ಯಾರೆಟ್ ಕತ್ತರಿಸುವ ಆ ಅಚ್ಚುಗಳನ್ನು ಆನ್‌ಲೈನಿನಲ್ಲಿ ತರಿಸಿದವನು ನನ್ನ ಮಗ ಕಿರಣ. ನಕ್ಷತ್ರ, ಹೃದಯ, ಡೈನೋಸಾರ್, ಹೀಗೆ ಮೂರು ಆಕಾರ. ಡೈನೋಸಾರ್ ಆದ ಮಾತ್ರಕ್ಕೆ ಕ್ಯಾರೆಟ್ಟು ಚಿಪ್ಸ್ ಆಗಿಬಿಡುತ್ತದೆಯೇ? ಮಗು ಅಷ್ಟು ಪೆದ್ದೇ?

ಪುಟ್ಟು ತರಕಾರಿ ಮುಟ್ಟುವುದಿಲ್ಲ. ಅನ್ನ, ಮೊಸರು, ಬಿಸ್ಕತ್ತು, ಚಿಪ್ಸ್. ಅಲ್ಲಿಗೆ ಮುಗಿಯಿತು ಅವನ ಊಟ. ನಗುವ ವಿಷಯವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಎರಡು ಮೂರು ದಿನಕ್ಕೊಮ್ಮೆ ಟಾಯ್ಲೆಟ್ಟಿನಲ್ಲಿ ಆ ಮಗು ಅಳುವುದನ್ನು ನೀವು ಕೇಳಬೇಕು. ಹೊಟ್ಟೆ ಕಲ್ಲಾಗಿರುತ್ತದೆ. ಅಮ್ಮನ ಕುತ್ತಿಗೆ ಹಿಡಿದುಕೊಂಡು, "ಬೇಡಮ್ಮಾ, ನೋಯುತ್ತೆ" ಎನ್ನುತ್ತಾನೆ. ಡಾಕ್ಟರು ಸಿರಪ್ ಬರೆದುಕೊಟ್ಟಿದ್ದಾರೆ. ತರಕಾರಿ ತಿನ್ನದಿದ್ದರೆ ಬರೀ ಸಿರಪ್ಪಿನಿಂದ ಆಗುವುದಿಲ್ಲ ಅಂತಲೂ ಹೇಳಿದ್ದಾರೆ.

ಆ ಅಳು ಶುರುವಾಯಿತೆಂದರೆ ನಮ್ಮ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟುತ್ತಾರೆ. ಮೊಮ್ಮಗನ ಅಳು ಅವರ ಕೈಲಿ ಕೇಳಲು ಆಗುವುದಿಲ್ಲವಂತೆ. (ಕೇಳಿಸಿಕೊಳ್ಳುವ ಕೆಲಸ ಎಂದಿನಂತೆ ಹೆಂಗಸರದು.)

ಮಗ ಮತ್ತು ಸೊಸೆ ಶ್ರುತಿ ಸೇರಿ ಒಂದು ಆನ್‌ಲೈನ್ ಕ್ಲಾಸಿಗೂ ಸೇರಿಕೊಂಡರು. ಮಕ್ಕಳಿಗೆ ಊಟ ಮಾಡಿಸುವುದು ಹೇಗೆಂದು ಕಲಿಸುವ ಕೋಚ್! ಕ್ರಿಕೆಟ್ಟಿಗೆ ಕೋಚ್ ಇರುವುದು ಗೊತ್ತಿತ್ತು, ಈಜಿಗೆ ಗೊತ್ತಿತ್ತು. ಈಗ ಬೀನ್ಸಿಗೂ ಒಬ್ಬರು ಬಂದರು. ಆ ಯಮ್ಮ ಲ್ಯಾಪ್‌ಟಾಪಿನೊಳಗಿಂದ ನಗುನಗುತ್ತಾ ಹೇಳಿದರು, "ಮಗು ಮತ್ತೆ ತರ್ಕಾರಿ ಮೊದ್ಲು ಫ್ರೆಂಡ್ಸ್ ಆಗ್ಬೇಕು. ಒಂದೊಂದು ತರ್ಕಾರಿಗೂ ಒಂದು ಹೆಸರಿಡಿ."

ಇಟ್ಟರು. ವಿಜಯನಗರ ಮಾರ್ಕೆಟ್ಟಿನಲ್ಲಿ ನಾನು ಒಂದೊಂದೇ ತಿರುಗಿಸಿ ನೋಡಿ ತಂದ ಗುಂಡು ಬದನೆಕಾಯಿಗೆ ಬಂಟಿ ಎಂದು ನಾಮಕರಣವಾಯಿತು. ಸ್ಕೆಚ್ ಪೆನ್ನಿನಲ್ಲಿ ಕಣ್ಣು, ಮೂಗು, ಬಾಯಿ. ಎರಡು ದಿನ ಬಂಟಿ ಪುಟ್ಟುವಿನ ಪಕ್ಕದಲ್ಲೇ ಮಲಗಿದ. ಮೂರನೆಯ ದಿನ ನಾನು ಚಾಕು ಹಿಡಿದರೆ, "ಅಜ್ಜೀ, ಬಂಟಿನ ಕುಯ್ಬೇಡಾ" ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕಿರುಚಿದ. ಸರಿಯಾಗಿಯೇ ಇದೆ. ಫ್ರೆಂಡನ್ನು ಯಾರಾದರೂ ಎಣ್ಣೆಗಾಯಿ ಮಾಡುತ್ತಾರೆಯೇ?

ನನಗೋ ಒಳಗೊಳಗೇ ಖುಷಿ. ಇಷ್ಟೆಲ್ಲ ಓದಿದವರು ಸೋತರಲ್ಲ! "ನಮ್ ಕಾಲ್ದಲ್ಲಿ ಇದೆಲ್ಲಾ ಇರ್ಲಿಲ್ಲ ಕಣಮ್ಮ. ತಟ್ಟೆಗ್ ಹಾಕಿದ್ದನ್ನ ಮಕ್ಳು ತಿಂತಿದ್ವು" ಎಂದು ಶ್ರುತಿಗೆ ದಿನಕ್ಕೆರಡು ಸಲ ಕುಟುಕಿದೆ. ಪಾಪ, ಅವಳು ಬ್ಯಾಂಕಿನಿಂದ ಬಂದು ಬ್ಯಾಗು ಇಡುವಷ್ಟರಲ್ಲೇ ಒಂದು ಡೋಸ್ ಆಗಿರುತ್ತಿತ್ತು. ಪುಟ್ಟುವಿಗೆ ನನ್ನದೇ ಬೇರೆ ಮಂತ್ರ: "ತರ್ಕಾರಿ ತಿಂದ್ರೆ ತಾತನ್ ಥರ ಸ್ಟ್ರಾಂಗ್ ಆಗ್ತೀಯ."

ನನ್ನ ಈ ಜಂಬ ಗುರುವಾರ ಮಧ್ಯಾಹ್ನದವರೆಗೆ ಬಾಳಿತು.

ಅವತ್ತು ಪುಟ್ಟು ನಡುಮನೆಯಲ್ಲಿ ಅಡುಗೆ ಆಟ ಆಡುತ್ತಿದ್ದ. ಎದುರಿಗೆ ನಾಲ್ಕು ಗೊಂಬೆ. ಕರಡಿ ತಾತ, ಆನೆ ಅಪ್ಪ, ಮೊಲ ಅಮ್ಮ. ಅಜ್ಜಿ ಅಂತ ಕೂರಿಸಿದ್ದು ಒಂದು ಕಿವಿ ಕಿತ್ತುಹೋದ ಕೋತಿಯನ್ನು. (ಇರಲಿ.) ಪುಟ್ಟ ಪಾತ್ರೆಯಲ್ಲಿ ನೀರು, ನೀರಿನೊಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ತುಂಡುಗಳು. ಅದು ಸಾರು.

ಬಡಿಸಲು ಶುರುಮಾಡಿದ. ಸೌಟಿನ ಅಂಚಿನಿಂದ ತುಂಡುಗಳನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಮೇಲಿನ ನೀರನ್ನಷ್ಟೇ ಎತ್ತಿ ಕರಡಿಗೆ ಹಾಕಿದ. ಹಾಗೆಯೇ ಆನೆಗೆ. ಆಮೇಲೆ ಸೌಟನ್ನು ತಳಕ್ಕೆ ಬಿಟ್ಟು ತುಂಡುಗಳನ್ನೆಲ್ಲ ಮೊಲಕ್ಕೂ ಕೋತಿಗೂ ಸುರಿದ.

"ಅದ್ಯಾಕೋ ಕಂದಾ, ತಾತಂಗೆ ಬರೀ ನೀರು?"

"ಹೋಳು ಅಜ್ಜಿಗೆ. ಅಮ್ಮಂಗೆ."

"ತಾತಂಗೆ?"

"ತಾತ ಗಂಡ್ಸು."

"ಮತ್ತೆ ನಿಂಗೆ?"

"ನಾನೂ ಗಂಡ್ಸು" ಎಂದ, ತಲೆ ಕೂಡ ಎತ್ತದೆ.

ನಾನು ಅಲ್ಲೇ ಕುಳಿತುಬಿಟ್ಟೆ. ಮಾತಿಗಲ್ಲ. ಅವನ ಕೈ ತಿರುಗಿದ ರೀತಿಗೆ. ಅದು ನನ್ನ ಕೈ.

ಮದುವೆಯಾಗಿ ಗೋವಿಂದರಾಜನಗರದ ಆ ಬಾಡಿಗೆ ಮನೆಗೆ ಬಂದ ಮೊದಲ ವಾರವೇ ನಮ್ಮ ಅತ್ತೆ ಹೇಳಿಕೊಟ್ಟಿದ್ದರು. "ಸೌಟು ತಳಕ್ ಬಿಡ್ಬೇಡ ಕಣಮ್ಮ. ಬಾಯಿಗೆ ಹೋಳು ಸಿಕ್ರೆ ಅವ್ನು ಊಟ ಬಿಟ್ಟು ಎದ್ದೋಗ್ತಾನೆ." ನಾನು ಕಲಿತೆ. ನಲವತ್ತೊಂದು ವರ್ಷದಿಂದ ನಮ್ಮ ಯಜಮಾನರ ತಟ್ಟೆಗೆ ಬಿದ್ದಿದ್ದು ತಿಳಿ ಸಾರು ಮಾತ್ರ. ಅಪ್ಪನ ಪಕ್ಕ ಕೂತು ಉಂಡ ಕಿರಣನಿಗೂ ಅದೇ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದ, ನಿಜ. ಹಾಕಿದ್ದಾದರೂ ಏನು? "ಗಂಡಸ್ರಿಗೆ ತಿಳಿ ಹಾಕ್ಬಿಡಮ್ಮ, ಹೋಳು ನಾವ್ ಹಾಕ್ಕೊಳಣ" ಎಂದು ನಾನು ಶ್ರುತಿಗೆ ದಿನಾ ಹೇಳುವಾಗ ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತಾ ಕೂತಿರುತ್ತಿದ್ದವನು ಯಾರು?

ಇದೇ ಸೌಟು ಭಾನುವಾರ ಕೋಳಿ ಸಾರಾದರೆ ನೇರ ತಳಕ್ಕೆ ಇಳಿಯುತ್ತದೆ. ಪೀಸೆಲ್ಲ ಗಂಡಸರಿಗೆ, ತಿಳಿ ನಮಗೆ. ಇಷ್ಟು ವರ್ಷದಲ್ಲಿ ನನ್ನ ಕೈ ಒಮ್ಮೆಯೂ ವಾರ ಮರೆತಿಲ್ಲ.

ನಾಚಿಕೆಯಾಯಿತು. ಆ ಕೋಚಮ್ಮನನ್ನು ಬೈದೆ, ಅಚ್ಚುಗಳನ್ನು ಬೈದೆ, ಸೊಸೆಯನ್ನು ಕುಟುಕಿದೆ. ತರಕಾರಿ ಅಂದರೆ ಹೆಂಗಸರು ತಿನ್ನುವ ಪದಾರ್ಥ ಎಂದು ಮಗುವಿಗೆ ಮೂರು ಹೊತ್ತೂ ಪಾಠ ಮಾಡಿದ ಕೋಚ್ ನಾನೇ. ಅದೂ ಫೀಸಿಲ್ಲದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಮುದ್ದೆ, ಬದನೆಕಾಯಿ ಹುರುಳಿಕಾಯಿ ಸಾರು. (ಬಂಟಿಯಲ್ಲ, ಬೇರೆ ಬದನೆಕಾಯಿ.) ಸೌಟನ್ನು ತಳಕ್ಕೆ ಬಿಟ್ಟು, ತುಂಬ ಹೋಳು ಎತ್ತಿ ಯಜಮಾನರ ತಟ್ಟೆಗೆ ಬಡಿಸಿದೆ.

"ಏನೇ ಇದು, ಕೈ ಜಾರ್ತಾ?"

"ಇಲ್ಲ ರೀ. ನೋಡ್ಕೊಂಡೇ ಹಾಕ್ದೆ. ತಿನ್ನಿ, ಮಗು ನೋಡ್ತಾ ಇದೆ."

"ಈ ವಯಸ್ಸಲ್ಲಿ ನಂಗೆ ಹೊಸ ಅಭ್ಯಾಸ ಮಾಡಿಸ್ತೀಯಾ?"

ಕಿರಣನ ಕಿವಿಗೆ ಗುರುವಾರವೇ ಎಲ್ಲ ಹಾಕಿದ್ದೆ. ಅವನು ಬದನೆಕಾಯಿ ಹೋಳನ್ನು ಮುದ್ದೆಯ ತುತ್ತಿನೊಳಗೆ ಒತ್ತಿ, ಮಾತ್ರೆ ನುಂಗುವ ಹಾಗೆ ಕಣ್ಣು ಮುಚ್ಚಿ ನುಂಗಿದ. ಮಾನ ಉಳಿಸಿದ. ಪುಟ್ಟು ಅಪ್ಪನ ಬಾಯಿಯನ್ನೇ ನೋಡಿದ. ಆಮೇಲೆ ಅಪ್ಪನ ತಟ್ಟೆಯಿಂದ ಒಂದು ಹುರುಳಿಕಾಯಿ ತೆಗೆದುಕೊಂಡು ತುದಿ ಕಚ್ಚಿದ. ಅವನು ಅಗಿದ. ನುಂಗಿಯೂ ಬಿಟ್ಟ.

ಅಷ್ಟರಲ್ಲಿ ನಮ್ಮ ಯಜಮಾನರು ಒಂದೊಂದೇ ಹೋಳನ್ನು ಬೆರಳಿನಿಂದ ತಳ್ಳಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಪುಟ್ಟು ತಾತನ ಕಡೆ ತಿರುಗಿದ. ಕೈಯಲ್ಲಿ ಉಳಿದಿದ್ದ ಹುರುಳಿಕಾಯಿಯನ್ನು ತನ್ನ ತಟ್ಟೆಯ ಅಂಚಿಗೆ ತಂದಿಟ್ಟ. ಮೊಮ್ಮಗನ ಅಳು ಕೇಳಲಾರದೆ ಗೇಟು ದಾಟುವ ಮನುಷ್ಯನಿಗೆ, ಅವನಿಗೋಸ್ಕರ ಒಂದು ಹೋಳು ನುಂಗಲು ಆಗಲಿಲ್ಲ.

ಪುಟ್ಟುವಿಗಿನ್ನೂ ಮೂರು ತುಂಬಿಲ್ಲ. ಹೇಗೋ ತಿದ್ದಬಹುದು. ನಮ್ಮನೆಯ ಅರವತ್ತೊಂಬತ್ತರ ಮಗುವಿಗೆ ಕ್ಯಾರೆಟ್ಟನ್ನು ಯಾವ ಆಕಾರದಲ್ಲಿ ಕತ್ತರಿಸಲಿ, ನಕ್ಷತ್ರವೋ, ಡೈನೋಸಾರೋ?