ಒಳಕೋಣೆಯ ಹನ್ನೊಂದು ಚಿತ್ರಗಳು

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಆಗ ನಾನು ಬಹ್ರೇನಿನ ಒಂದು ಇಂಟೀರಿಯರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಮುಹರ್ರಕ್‌ನ ಹಳೆಯ ಮನೆಯೊಂದರ ಒಳಾಂಗಣ ದುರಸ್ತಿಯ ಕೆಲಸ ಬಂತು. ಮನೆಯ ಯಜಮಾನಿ ಎಪ್ಪತ್ತು ದಾಟಿದ ವಿಧವೆ. ಹೊರಗಿನ ಗಂಡಸರೇನಿದ್ದರೂ ಮಜ್ಲಿಸ್‌ನಲ್ಲಿ, ಅಂದರೆ ನಮ್ಮ ಚಾವಡಿಯಂಥ ಹೊರಕೋಣೆಯಲ್ಲಿ, ಕೂತು ಎದ್ದು ಬರಬೇಕು. ಒಳಕೋಣೆಗಳಿಗೆ ಪ್ರವೇಶವಿಲ್ಲ, ಫೋಟೋ ಅಂತೂ ಕೂಡದು.

ಹಾಗಾಗಿ ನಮ್ಮ ಕಲಾವಿದೆ, ಕಾರ್ಕಳದ ಸುಮನಾಳನ್ನು ಕಳುಹಿಸಿದೆ. ಅವಳು ಒಂದು ವಾರ ಒಳಗೆ ಕೂತು ಹನ್ನೊಂದು ಚಿತ್ರ ಬರೆದಳು. ಮಂಚದ ಪಕ್ಕದ ಮಾತ್ರೆ ಡಬ್ಬಿ, ಬಾಗಿಲ ಹಿಂದಿನ ನಮಾಜಿನ ಬಟ್ಟೆ, ತೀರಿಹೋದ ಗಂಡನ ಊರುಗೋಲು ಎಲ್ಲವೂ ಇದ್ದವು. ಕೆಲಸ ಮಾಡುವವರ ಹೊರತು ಇನ್ಯಾರೂ ನೋಡುವುದಿಲ್ಲ ಎಂದು ಆ ಅಜ್ಜಿಗೆ ಮಾತು ಕೊಟ್ಟು ಬಂದಿದ್ದಳು. ನನಗೂ ಅದನ್ನು ಹೇಳಿದ್ದಳು.

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಹೊಸ ಗಿರಾಕಿಗಳು ಸಿಗಲಿ ಎಂಬ ಆಸೆಗೆ ಮೂರು ಚಿತ್ರಗಳನ್ನು ಕಂಪನಿಯ ಆನ್‌ಲೈನ್ ಪುಟಕ್ಕೆ ಹಾಕಿಬಿಟ್ಟೆ.

ಸುಮನಾ ಓಡಿ ಬಂದಳು. "ಯಾಕೆ ಹಾಕಿದ್ದು ಸರ್? ನಾನು ಅವರಿಗೆ ಮಾತು ಕೊಟ್ಟಿದ್ದೇನೆ."

"ಫೋಟೋ ಅಲ್ಲವಲ್ಲ ಮಾರಾಯ್ತಿ, ಚಿತ್ರ ತಾನೆ?" ಎಂದು ನಕ್ಕೆ.

ಅಜ್ಜಿಯ ನೆಂಟರೊಬ್ಬರು ಆ ಊರುಗೋಲನ್ನು ಗುರುತು ಹಿಡಿದರು. ಮರುದಿನವೇ ಅಜ್ಜಿಯ ಮಗ ನಮ್ಮಿಬ್ಬರನ್ನೂ ಮಜ್ಲಿಸ್‌ಗೆ ಕರೆಸಿದ. ಬಂದವರಿಗೆಲ್ಲ ಮೊದಲು ಬರುವ ಖಾವಾ, ಅಂದರೆ ಅರಬ್ಬಿ ಕಾಫಿ, ಅಂದು ಬರಲಿಲ್ಲ. "ಯಾರು ಹಾಕಿದ್ದು?" ಎಂದು ಹಿಂದಿಯಲ್ಲಿ ಕೇಳಿದ. ನಾನು ನೆಲದ ಜಮಖಾನೆ ನೋಡುತ್ತಾ ಕೂತೆ. ಸುಮನಾ ನನ್ನ ಮುಖ ನೋಡಿದಳು, ಕೊನೆಗೆ ತಾನೇ "ತಪ್ಪಾಯಿತು" ಎಂದಳು. "ಅಮ್ಮ ನಿಮ್ಮನ್ನು ಮಗಳ ಹಾಗೆ ಒಳಗೆ ಕರೆದುಕೊಂಡಿದ್ದರು" ಎಂದ ಅವನು. ಆಗಲೂ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನ ಬಿಟ್ಟು ಒಬ್ಬನೇ ಹೋಗಿ ನಿಜ ಹೇಳಿದೆ. ಕೆಲಸ ಕೈತಪ್ಪಿತು, ಅದು ನ್ಯಾಯವೇ. ಆದರೆ ಅಜ್ಜಿ ಸುಮನಾಳನ್ನೂ ಮತ್ತೆ ಒಳಗೆ ಕರೆಯಲಿಲ್ಲ.

ಕೆಲವು ತಿಂಗಳ ನಂತರ ಪಕ್ಕದ ಬುಸೈತೀನ್‌ನಲ್ಲಿ ಮಂಗಳೂರು ಕಡೆಯವರ ಫ್ಲ್ಯಾಟಿನ ಕೆಲಸಕ್ಕೆ ನಾನೂ ಸುಮನಾಳೂ ಹೋದೆವು. "ನಮ್ಮ ಬೆಡ್‌ರೂಮ್, ದೇವರ ಕೋಣೆ ಎಲ್ಲ ಬರೀತೀರಲ್ಲ, ಹೊರಗಿನವರಿಗೆ ತೋರಿಸುದಿಲ್ಲ ಅಲ್ವಾ?" ಎಂದು ಮನೆಯಾಕೆ ಕೇಳಿದರು.

"ನಾನು ತೋರಿಸುದಿಲ್ಲ ಅಕ್ಕ," ಎಂದಳು ಸುಮನಾ. "ಸರ್ ಹತ್ರ ನೀವೇ ಕೇಳಿ."

ಕೈಕೆಳಗಿನವರು ಕೊಟ್ಟ ಮಾತು ನಮ್ಮದೂ ಹೌದು ಎಂಬುದನ್ನು ನನ್ನ ಇಪ್ಪತ್ತು ವರ್ಷದ ಸರ್ವಿಸ್ ಕಲಿಸಿರಲಿಲ್ಲ. ಆಕೆ ನನ್ನ ಕಡೆ ತಿರುಗಿದರು. "ನಾನೂ ತೋರಿಸುದಿಲ್ಲ" ಎಂದೆ, ತಲೆ ತಗ್ಗಿಸಿಕೊಂಡೇ.